‘ಮೊಸಳೆ ಮಾಮ’ನಿಗಾಗಿ ಅಳುವ ಹುಡುಗ

ಪ್ರಶ್ನೆ: ನಾವು ಮಂಡ್ಯದ ಹತ್ತಿರದ ಹಳ್ಳಿಯವರು. ನನ್ನ ಮಗನಿಗೆ ಹತ್ತು ವರ್ಷ. ಬೇಸಿಗೆ ರಜೆಯಲ್ಲಿ ಫೋನಿನಲ್ಲಿ ಆಸ್ಟ್ರೇಲಿಯಾದ ಸ್ಟೀವ್ ಇರ್ವಿನ್ ಅವರು ಹಾವು, ಮೊಸಳೆ ತೋರಿಸುವ ಹಳೇ ಟಿವಿ ಕಾರ್ಯಕ್ರಮಗಳನ್ನು ನೋಡಲು ಶುರು ಮಾಡಿದ. ‘ಮೊಸಳೆ ಮಾಮ’ ಅಂತ ಹೆಸರಿಟ್ಟುಕೊಂಡು ದಿನವೂ ನೋಡುತ್ತಿದ್ದ. ಹೋದ ತಿಂಗಳು ಸ್ಕೂಲಿನಲ್ಲಿ ಯಾರೋ ಗೆಳೆಯ ‘ಅವರು ಸತ್ತು ಎಷ್ಟೋ ವರ್ಷ ಆಯ್ತಲ್ಲೋ’ ಅಂದನಂತೆ. ಮನೆಗೆ ಬಂದವನು ರಾತ್ರಿಯೆಲ್ಲ ಅತ್ತ. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅವರ ಫೋಟೋ ಪ್ರಿಂಟ್ ಹಾಕಿಸಿಕೊಂಡು ಬಂದು ನಮ್ಮ ಮಾವನವರ ಫೋಟೋ ಪಕ್ಕ ಅಂಟಿಸಿ ಹೂವು ಇಟ್ಟಿದ್ದಾನೆ. ನಮ್ಮತ್ತೆ ‘ನಂಟಲ್ಲ, ನೆಂಟಸ್ತಿಕೆಯಲ್ಲ, ಯಾವ ದೇಶದವರೋ ಏನೋ, ತೆಗೆಸು’ ಅಂತಾರೆ. ಮನೆಯವರು ‘ಟಿವಿಯವರಿಗೆಲ್ಲ ಅಳೋನು ಗಂಡಸಾ’ ಅಂತ ರೇಗಿಸುತ್ತಾರೆ. ಒಂದು ಪುಸ್ತಕದಲ್ಲಿ ಅವರನ್ನು ಚುಚ್ಚಿ ಸಾಯಿಸಿದ ಸ್ಟಿಂಗ್‌ರೇ ಮೀನಿನ ಚಿತ್ರ ಬರೆದು, ಪೆನ್ನಿನಿಂದ ಹಾಳೆ ಹರಿಯೋವರೆಗೂ ಗೀಚಿದ್ದಾನೆ. ಮೊನ್ನೆ ಕಬ್ಬಿನ ಗದ್ದೆ ಬದುವಿನಲ್ಲಿ ಕೇರೆಹಾವಿನ ಬಾಲ ಹಿಡಿಯಲು ಹೋಗಿದ್ದನಂತೆ. ನನಗೆ ಭಯ ಆಗಿದೆ. ಮುಖವನ್ನೇ ನೋಡದವರಿಗೆ ಇಷ್ಟು ದುಃಖ ಪಡೋದು ಸರಿನಾ? ಏನು ಮಾಡಲಿ?

ಉತ್ತರ: ನಿಮ್ಮ ಪತ್ರ ಓದಿ ನನಗೆ 2006ರ ಸೆಪ್ಟೆಂಬರ್ ನೆನಪಾಯಿತು. ಆಗ ನಾನು ಮೈಸೂರಿನಲ್ಲಿ ಮಕ್ಕಳ ಆಪ್ತ ಸಮಾಲೋಚನೆ ಕೆಲಸ ಶುರು ಮಾಡಿ ಹೆಚ್ಚು ದಿನ ಆಗಿರಲಿಲ್ಲ. ಭಾನುವಾರ ಬೆಳಿಗ್ಗೆ ಬೀದಿಯ ಒಂದಷ್ಟು ಮಕ್ಕಳನ್ನು ಕಟ್ಟಿಕೊಂಡು ಹಕ್ಕಿ ತೋರಿಸಲು ಕುಕ್ಕರಹಳ್ಳಿ ಕೆರೆಗೆ ಹೋಗುತ್ತಿದ್ದೆ. ಸೆಪ್ಟೆಂಬರ್ 4, ಸೋಮವಾರ ಇರ್ವಿನ್ ತೀರಿಕೊಂಡ ಸುದ್ದಿ ಬಂತು. ಆ ವಾರದ ಭಾನುವಾರ ಕೆರೆ ಏರಿಯ ಮೇಲೆ ಮಕ್ಕಳು ಬಂದು ನಿಂತಿದ್ದರು, ಒಬ್ಬರೂ ಮಾತಾಡುತ್ತಿರಲಿಲ್ಲ. ಒಬ್ಬ ಹುಡುಗ ಟಿವಿಯಲ್ಲಿ ಇರ್ವಿನ್ ಹಾಕುತ್ತಿದ್ದಂಥ ಖಾಕಿ ಶರ್ಟು, ತನ್ನ ಅಪ್ಪನದ್ದು, ಹಾಕಿಕೊಂಡು ಬಂದಿದ್ದ. ತೋಳನ್ನು ಮೂರು ನಾಲ್ಕು ಸಲ ಮಡಿಸಿದ್ದರೂ ಬೆರಳು ಕಾಣುತ್ತಿರಲಿಲ್ಲ. ಶರ್ಟು ಮೊಣಕಾಲಿನವರೆಗೂ ಇತ್ತು. ನಾನು ಬೈನಾಕ್ಯುಲರ್ ಕೊಟ್ಟರೆ ತೆಗೆದುಕೊಳ್ಳಲಿಲ್ಲ. ‘ಮಿಸ್, ಇವತ್ತು ಸುಮ್ನೆ ನಡೆಯೋಣ’ ಅಂದ. ಎಲ್ಲರೂ ಸುಮ್ಮನೆ ಒಂದು ಸುತ್ತು ಹಾಕಿದೆವು.

ಅವತ್ತಿನ ಆ ಮಕ್ಕಳಿಗೂ ನಿಮ್ಮ ಮಗನಿಗೂ ಏನೂ ವ್ಯತ್ಯಾಸ ಇಲ್ಲ. ನಮಗೆ ಇದು ಹಳೇ ಸುದ್ದಿ. ಅವನಿಗೆ ಹಾಗಲ್ಲ. ಅವನ ಮಾಮ ರಜೆಯುದ್ದಕ್ಕೂ ಫೋನಿನಲ್ಲಿ ಓಡಾಡುತ್ತಿದ್ದರು, ನಗುತ್ತಿದ್ದರು, ಹೋದ ತಿಂಗಳು ತೀರಿಕೊಂಡರು. ಸುದ್ದಿ ತಿಳಿದ ದಿನವೇ ಸಾವು. ಮನೆಯವರು ‘ಅಷ್ಟು ವರ್ಷ ಆಗಿದೆ, ಈಗ ಯಾಕೆ ಅಳ್ತೀಯ’ ಅಂದರೆ ಅವನಿಗೆ ಅರ್ಥವೇ ಆಗುವುದಿಲ್ಲ.

ಮುಖ ನೋಡದವರು ಅಂತ ಬರೆದಿದ್ದೀರಿ. ಒಂದು ಕಂತನ್ನು ಮಗನ ಪಕ್ಕ ಕೂತು ನೋಡಿ. ಅವರು ಕ್ಯಾಮೆರಾಗೆ ಎಷ್ಟು ಹತ್ತಿರ ಬರುತ್ತಾರೆ ಗಮನಿಸಿ. ಹಾವಿನ ಮುಂದೆ ಹೊಟ್ಟೆ ಮೇಲೆ ಮಲಗಿ, ದನಿ ಇಳಿಸಿ, ‘ನೋಡು, ಎಷ್ಟು ಚೆನ್ನಾಗಿದ್ದಾಳೆ’ ಅನ್ನೋ ಥರ ಮಾತಾಡುತ್ತಾರೆ. ಕೋಟಿ ಜನ ನೋಡುತ್ತಿದ್ದರೂ ಒಬ್ಬನಿಗೇ ಗುಟ್ಟು ಹೇಳಿದ ಹಾಗಿರುತ್ತದೆ. ಮನೆಯಲ್ಲಿ ದೊಡ್ಡವರು ಯಾರೂ ಹತ್ತು ವರ್ಷದ ಹುಡುಗನ ಜೊತೆ ಅಷ್ಟು ಉತ್ಸಾಹದಿಂದ ಅರ್ಧ ಗಂಟೆ ಮಾತಾಡುವುದಿಲ್ಲ. ನಿಮ್ಮನ್ನು ದೂರುತ್ತಿಲ್ಲ, ನಮ್ಮೆಲ್ಲರ ಮನೆಯ ಕಥೆಯೂ ಇದೇ.

ಇದಕ್ಕೆ ಮನಶ್ಶಾಸ್ತ್ರದಲ್ಲಿ ‘ಪ್ಯಾರಾಸೋಷಿಯಲ್’ ನಂಟು ಅಂತ ಒಂದು ಹೆಸರಿದೆ. ಡೊನಾಲ್ಡ್ ಹಾರ್ಟನ್, ರಿಚರ್ಡ್ ವೋಲ್ ಅನ್ನೋ ಇಬ್ಬರು 1956ರಲ್ಲೇ ಬರೆದರು. ಆಗ ಟಿವಿ ಇನ್ನೂ ಹೊಸದು. ತೆರೆ ಮೇಲಿನವರು ನೇರವಾಗಿ ನಮ್ಮ ಕಣ್ಣು ನೋಡಿ ಮಾತಾಡಿದಾಗ ನಮ್ಮ ಮನಸ್ಸು ಅವರನ್ನು ಪರಿಚಯದವರು ಅಂತಲೇ ಎಣಿಸುತ್ತದೆ, ಇದು ಒಂದು ಕಡೆಯಿಂದ ಮಾತ್ರ ಬೆಳೆಯುವ ನಂಟು ಅಂದರು. ಒಂದು ಕಡೆಯದ್ದಾದರೂ ಅದು ನಂಟೇ. ಕಿತ್ತುಹೋದಾಗ ನೋಯುತ್ತದೆ. ಆಮೇಲೆ 1980ರ ದಶಕದ ಕೊನೆಯಲ್ಲಿ ಕೆನೆತ್ ಡೋಕಾ ಎಂಬ ತಜ್ಞರು ಇನ್ನೊಂದು ಮಾತು ಹೇಳಿದರು. ನನ್ನ ಕೆಲಸದಲ್ಲಿ ಇದು ಪ್ರತಿ ವಾರ ಉಪಯೋಗಕ್ಕೆ ಬರುತ್ತದೆ. ಕೆಲವು ದುಃಖಗಳಿಗೆ ಸುತ್ತಲಿನವರ ಒಪ್ಪಿಗೆ ಇರುವುದಿಲ್ಲ. ಸಾಕಿದ ನಾಯಿ ಸತ್ತರೆ, ಹಳೇ ಮೇಷ್ಟ್ರು ತೀರಿಕೊಂಡರೆ, ಟಿವಿಯ ಮಾಮ ಹೋದರೆ, ಯಾರೂ ಬಂದು ‘ಹೀಗಾಗಬಾರದಿತ್ತು’ ಅಂತ ಹೇಳುವುದಿಲ್ಲ. ಅಳುವವರಿಗೆ ನಾಚಿಕೆಯೂ ಸೇರಿಕೊಳ್ಳುತ್ತದೆ. ಆಗ ಅದು ಬೇಗ ಕರಗುವುದಿಲ್ಲ. ನಿಮ್ಮ ಮನೆಯಲ್ಲಿ ಈಗ ಆಗುತ್ತಿರುವುದು ಇದೇ. ಹುಡುಗ ಎರಡು ಭಾರ ಹೊರುತ್ತಿದ್ದಾನೆ. ಮಾಮ ಹೋದದ್ದು ಒಂದು, ಅಪ್ಪ ನಕ್ಕದ್ದು ಇನ್ನೊಂದು. ಮೊದಲನೆಯದನ್ನು ನಾವು ಇಳಿಸಲಾಗದು. ಎರಡನೆಯದನ್ನು ಇವತ್ತು ಸಂಜೆಯೇ ಇಳಿಸಬಹುದು. ಮನೆಯವರಿಗೆ ಒಂದು ವಿಷಯ ಜ್ಞಾಪಿಸಿ. 2018ರ ನವೆಂಬರಿನಲ್ಲಿ ಅಂಬರೀಶ್ ಅವರ ಪಾರ್ಥಿವ ಶರೀರ ಮಂಡ್ಯಕ್ಕೆ ಬಂದಾಗ ಎಷ್ಟು ಸಾವಿರ ಗಂಡಸರು ನಿಂತು ಅತ್ತರು? ಅವರಲ್ಲಿ ಬಹುಪಾಲು ಜನ ಅವರ ಕೈ ಕುಲುಕಿದವರಲ್ಲ. ಅಪ್ಪು ಹೋದ 2021ರ ಅಕ್ಟೋಬರ್ 29ರಂದು ಯಾವ ಮನೆಯಲ್ಲಿ ಒಲೆ ಸರಿಯಾಗಿ ಹೊತ್ತಿತ್ತು?

ಈಗ ನಿಮ್ಮತ್ತೆಯವರ ಮಾತಿಗೆ ಬರುತ್ತೇನೆ. ಅವರನ್ನು ಹಳೇ ಕಾಲದವರು ಅಂತ ಪಕ್ಕಕ್ಕೆ ಇಡಬೇಡಿ. ಅವರ ಹತ್ತಿರವೇ ಉತ್ತರ ಇದೆ. ಸಮಾಧಾನವಾಗಿ ಕೂತು ಕೇಳಿ: ‘ಅತ್ತೆ, ನಮ್ಮ ಕಡೆ ದೇವರ ಬಸವ ತೀರಿಕೊಂಡರೆ ಏನು ಮಾಡ್ತಾರೆ?’ ಅವರು ಹೇಳುತ್ತಾರೆ. ಮೈಗೆ ಅರಿಶಿನ ಕುಂಕುಮ ಹಚ್ಚಿ, ಹೂವು ಹಾಕಿ, ತಮಟೆ ವಾದ್ಯದ ಜೊತೆ ಊರೆಲ್ಲ ಮೆರವಣಿಗೆ ಮಾಡಿ, ದೇವಸ್ಥಾನದ ಹತ್ತಿರ ಮಣ್ಣು ಮಾಡುತ್ತಾರೆ. ಹನ್ನೊಂದನೇ ದಿನಕ್ಕೆ ಊರೂಟ ಹಾಕಿಸುತ್ತಾರೆ. ಕೋತಿ ಸತ್ತರೂ ಎಷ್ಟೋ ಊರಿನಲ್ಲಿ ತಿಥಿ ಮಾಡುತ್ತಾರೆ. ದಾರಿಯಲ್ಲಿ ಸತ್ತ ನಾಗರಹಾವು ಕಂಡರೆ ಹಾಗೇ ದಾಟಿ ಹೋಗುವುದಿಲ್ಲ, ಹಾಲು ತುಪ್ಪ ಬಿಟ್ಟು, ಕಾಸು ಇಟ್ಟು ಸುಡುತ್ತಾರೆ. ನಂಟಿಲ್ಲದ ಜೀವಕ್ಕೆ ಊರಿಗೆ ಊರೇ ಅಳೋದು ನಮ್ಮಲ್ಲಿ ಮೊದಲಿನಿಂದ ಇದೆ. ಹಾಗಿರುವಾಗ ಆ ಹಾವು ಮೊಸಳೆಗಳನ್ನು ಪ್ರೀತಿಸಿದ ಮನುಷ್ಯನಿಗೆ ನಿಮ್ಮ ಮಗ ಒಂದು ಹೂವು ಇಟ್ಟರೆ ಅವರಿಗೂ ಅರ್ಥ ಆಗುತ್ತದೆ ಅಂತ ನನ್ನ ನಂಬಿಕೆ.

ಆದರೆ ಒಂದು ವಿಷಯದಲ್ಲಿ ಅತ್ತೆಯವರು ಹೇಳೋದು ಸರಿ ಇದೆ. ಮಾವನವರ ಫೋಟೋ ಪಕ್ಕದ ಜಾಗ ಮನೆಯ ಹಿರಿಯರದ್ದು. ಪಿತೃಪಕ್ಷದಲ್ಲಿ ಎಡೆ ಇಡುವ ಜಾಗ. ಅಲ್ಲಿ ಇನ್ನೊಬ್ಬರ ಫೋಟೋ ಕಂಡರೆ ಅವರಿಗೆ ಸಂಕಟ ಆಗುವುದು ಸಹಜ. ಅದೂ ದುಃಖವೇ, ತಮ್ಮ ಯಜಮಾನರ ದುಃಖ. ಹಾಗಾಗಿ ಫೋಟೋ ತೆಗೆಸಬೇಡಿ, ಜಾಗ ಬದಲಿಸಿ. ಮಗ ಓದುವ ಟೇಬಲ್ ಮೇಲೆ, ಗೋಡೆಗೆ ಇರಲಿ. ಅದನ್ನು ಅಲ್ಲಿಂದ ಇಲ್ಲಿಗೆ ತರುವ ಕೆಲಸ ಮಗನೂ ಅಜ್ಜಿಯೂ ಸೇರಿ ಮಾಡಲಿ. ಅಜ್ಜಿ ತಮ್ಮ ಕೈಯಿಂದ ಒಂದು ಹೂವು ಕೊಟ್ಟರಂತೂ ಅರ್ಧ ಕೆಲಸ ಮುಗಿದ ಹಾಗೆ.

ಇನ್ನು ಆ ಮೀನು. ನಿಮ್ಮ ಪತ್ರದಲ್ಲಿ ನನ್ನನ್ನು ಜಾಸ್ತಿ ಯೋಚನೆಗೆ ಹಚ್ಚಿದ್ದು ಹಾಳೆ ಹರಿಯೋವರೆಗೂ ಗೀಚಿದ ಆ ಚಿತ್ರ. ಹಾವಿನ ಬಾಲಕ್ಕಿಂತ ಮೊದಲು ಇದನ್ನು ಮಾತಾಡಬೇಕು.

ಆಸ್ಟ್ರೇಲಿಯಾದಲ್ಲೂ ಹೀಗೇ ಆಯಿತು. ಇರ್ವಿನ್ ತೀರಿಕೊಂಡಾಗ ಅವರಿಗೆ 44 ವರ್ಷ. ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಬಿಯರ್‌ವಾ ಅಂತ ಒಂದು ಊರು. ಅಲ್ಲಿ ಅವರ ತಂದೆ ತಾಯಿ 1970ರಲ್ಲಿ ಒಂದು ಸಣ್ಣ ಸರೀಸೃಪ ಪಾರ್ಕು ಶುರು ಮಾಡಿದ್ದರು. ಮಗ ಅದನ್ನು ಬೆಳೆಸಿ ಆಸ್ಟ್ರೇಲಿಯಾ ಜೂ ಮಾಡಿದರು. ಸಾವಿನ ಸುದ್ದಿ ಬಂದ ಮೇಲೆ ಜನ ಆ ಜೂ ಗೇಟಿನ ಮುಂದೆ ಹೂವು ತಂದು ಸುರಿದರು. ಖಾಕಿ ಶರ್ಟುಗಳನ್ನು ತಂದು, ಅದರ ಮೇಲೆ ಪೆನ್ನಿನಿಂದ ಎರಡು ಸಾಲು ಬರೆದು, ಬೇಲಿಗೆ ಕಟ್ಟಿ ಹೋದರು. ಮಕ್ಕಳು ಚಿತ್ರ ಬರೆದು ಇಟ್ಟರು. ಸರ್ಕಾರಿ ಗೌರವದ ಅಂತ್ಯಕ್ರಿಯೆ ಮಾಡುತ್ತೇವೆ ಅಂತ ಸರ್ಕಾರ ಮುಂದೆ ಬಂದರೆ ತಂದೆ ಬಾಬ್ ಇರ್ವಿನ್ ಬೇಡ ಅಂದರು, ನನ್ನ ಮಗ ಸಾಮಾನ್ಯ ಮನುಷ್ಯನಾಗಿಯೇ ನೆನಪಿರಲು ಇಷ್ಟಪಡುತ್ತಿದ್ದ ಅಂದರು. ಮನೆಯವರಷ್ಟೇ ಸೇರಿ ಮಣ್ಣು ಮಾಡಿದರು. ಸೆಪ್ಟೆಂಬರ್ 20ರಂದು ಜೂ ಒಳಗಿನ ಮೊಸಳೆ ಪ್ರದರ್ಶನದ ಕ್ರೀಡಾಂಗಣದಲ್ಲಿ ಐದು ಸಾವಿರಕ್ಕೂ ಹೆಚ್ಚು ಜನ ಸೇರಿದರು. ಎಂಟು ವರ್ಷದ ಮಗಳು ಬಿಂಡಿ ಅಷ್ಟು ಜನರ ಮುಂದೆ ನಿಂತು, ಕೈಯಲ್ಲಿ ಹಿಡಿದ ಹಾಳೆ ನೋಡಿಕೊಂಡು, ನಮ್ಮಪ್ಪ ನನ್ನ ಹೀರೋ ಅಂತ ಓದಿದಳು. ಕೊನೆಗೆ ಅವರ ಸಾಮಾನುಗಳನ್ನೆಲ್ಲ ಅವರ ಟ್ರಕ್ಕಿಗೆ ತುಂಬಿಸಿ ಹೊರಗೆ ಓಡಿಸಿಕೊಂಡು ಹೋದರು. ಅವರು ಮಾತು ಮಾತಿಗೂ ಹೇಳುತ್ತಿದ್ದ ‘ಕ್ರೈಕಿ’ ಅನ್ನೋ ಉದ್ಗಾರವನ್ನು ಸಿಬ್ಬಂದಿ ನೆಲದ ಮೇಲೆ ಹಳದಿ ಹೂವಿನಲ್ಲಿ ಬರೆದರು.

ಇಷ್ಟೆಲ್ಲ ಪ್ರೀತಿ ಒಂದು ಕಡೆ. ಇನ್ನೊಂದು ಕಡೆ ಅದೇ ತಿಂಗಳು ಕ್ವೀನ್ಸ್‌ಲ್ಯಾಂಡಿನ ಸಮುದ್ರ ತೀರದಲ್ಲಿ ಕಡಿಮೆ ಅಂದರೂ ಹತ್ತು ಸ್ಟಿಂಗ್‌ರೇ ಮೀನುಗಳು ಸತ್ತು ಬಿದ್ದಿದ್ದು ಸಿಕ್ಕವು. ಕೆಲವುಗಳ ಬಾಲ ಕತ್ತರಿಸಿತ್ತು. ಸೇಡು ತೀರಿಸಿಕೊಳ್ಳಲು ಯಾರೋ ಮಾಡಿದ್ದು ಅಂತಲೇ ಎಲ್ಲರಿಗೂ ಅನ್ನಿಸಿತು. ಇರ್ವಿನ್ ಕಟ್ಟಿದ ವೈಲ್ಡ್‌ಲೈಫ್ ವಾರಿಯರ್ಸ್ ಸಂಸ್ಥೆಯವರು ಮುಂದೆ ಬಂದು, ಹೀಗೆ ಮಾಡಬೇಡಿ, ಸ್ಟೀವ್‌ಗೆ ಇದಕ್ಕಿಂತ ದೊಡ್ಡ ನೋವು ಇನ್ನೊಂದಿಲ್ಲ ಅನ್ನೋ ಅರ್ಥದಲ್ಲಿ ಬೇಡಿಕೊಂಡರು.

ನಮಗೂ ಇದು ಗೊತ್ತಿರುವ ವಿಷಯವೇ. ಅದೇ 2006ರ ಏಪ್ರಿಲ್ 12ರಂದು ಡಾ. ರಾಜ್‌ಕುಮಾರ್ ಹೋದರು. ನಾಡೆಲ್ಲ ಅತ್ತಿತು. ಬೆಂಗಳೂರಿನಲ್ಲಿ ಬಸ್ಸು ಸುಟ್ಟರು, ಕಲ್ಲು ತೂರಿದರು, ಜೀವಗಳು ಹೋದವು. ಅದರಲ್ಲಿ ಒಬ್ಬರು ಕೆಲಸದ ಮೇಲಿದ್ದ ಪೊಲೀಸ್ ಕಾನ್‌ಸ್ಟೇಬಲ್. ಅಣ್ಣಾವ್ರ ಮೇಲಿನ ಪ್ರೀತಿಗೂ ಆ ಕಾನ್‌ಸ್ಟೇಬಲ್‌ಗೂ ಏನು ಸಂಬಂಧ? ದುಃಖಕ್ಕೆ ಕೂರಲು ಜಾಗ ಸಿಗದಿದ್ದರೆ ಅದು ಯಾರನ್ನಾದರೂ ಹುಡುಕಿಕೊಂಡು ಹೋಗುತ್ತದೆ. ನಿಮ್ಮ ಮಗನ ದುಃಖ ಸದ್ಯಕ್ಕೆ ಆ ಮೀನನ್ನು ಹುಡುಕಿಕೊಂಡಿದೆ.

ಅವನಿಗೆ ಆ ದಿನ ಏನಾಯಿತು ಅಂತ ಪೂರ್ತಿ ಹೇಳಿ. ಹತ್ತು ವರ್ಷದವನಿಗೆ ಹೇಳಬಹುದು. ಅರ್ಧ ಗೊತ್ತಿರುವುದೇ ಜಾಸ್ತಿ ಕಾಡುತ್ತದೆ. ಪೋರ್ಟ್ ಡಗ್ಲಸ್ ಅನ್ನೋ ಊರಿನ ಹತ್ತಿರ, ಬ್ಯಾಟ್ ರೀಫ್ ಎಂಬ ಹವಳದ ದಿಬ್ಬದ ಬಳಿ ಅವರು ಸಮುದ್ರದ ಅಪಾಯಕಾರಿ ಜೀವಿಗಳ ಬಗ್ಗೆ ಚಿತ್ರ ತೆಗೆಯುತ್ತಿದ್ದರು. ಹವಾಮಾನ ಸರಿ ಇಲ್ಲದೆ ಆ ಕೆಲಸ ನಿಂತಿತ್ತು. ಸುಮ್ಮನೆ ಕೂರೋದು ಯಾಕೆ ಅಂತ ಮಗಳ ಮಕ್ಕಳ ಕಾರ್ಯಕ್ರಮಕ್ಕೆ ನಾಲ್ಕು ದೃಶ್ಯ ತೆಗೆಯೋಣ ಅಂತ ಆಳವಿಲ್ಲದ ನೀರಿಗೆ ಇಳಿದರು. ಅಲ್ಲೊಂದು ದೊಡ್ಡ ಸ್ಟಿಂಗ್‌ರೇ ಇತ್ತು. ಮಂಗಳೂರು ಕಡೆಯವರು ಈ ಜಾತಿ ಮೀನಿಗೆ ತೊರಕೆ ಅನ್ನುತ್ತಾರೆ, ಮಾರ್ಕೆಟ್ಟಿನಲ್ಲೂ ಸಿಗುತ್ತದೆ. ಮೊರದ ಹಾಗೆ ಚಪ್ಪಟೆ ಮೈ, ಚಾಟಿಯಂಥ ಬಾಲ, ಬಾಲದಲ್ಲಿ ಗರಗಸದಂಥ ಮುಳ್ಳು. ಆ ಮುಳ್ಳು ಬೇಟೆಗಲ್ಲ. ತಪ್ಪಿಸಿಕೊಳ್ಳಲು ಬೇರೆ ದಾರಿ ಇಲ್ಲದಾಗ ಬಳಸುವುದು. ಹುಲಿ ಶಾರ್ಕ್‌ಗಳು ಇದನ್ನು ತಿನ್ನುತ್ತವೆ. ಮೇಲಿನಿಂದ ಬಿದ್ದ ನೆರಳನ್ನು ಶಾರ್ಕ್ ಅಂದುಕೊಂಡು ಹೆದರಿರಬೇಕು ಅಂತ ಜೊತೆಯಲ್ಲಿದ್ದ ಕ್ಯಾಮೆರಾಮನ್ ಆಮೇಲೆ ಹೇಳಿದರು. ಬಾಲ ಬೀಸಿತು, ಮುಳ್ಳು ಎದೆಗೆ ಹೊಕ್ಕಿತು, ಹೃದಯಕ್ಕೆ ತಗುಲಿತು. ಸ್ಟಿಂಗ್‌ರೇ ಚುಚ್ಚಿ ಮನುಷ್ಯರು ಸಾಯುವುದು ಬಹಳ ಅಪರೂಪ. ಎದೆಯ ಆ ಜಾಗಕ್ಕೆ ಬಿದ್ದದ್ದು ದುರದೃಷ್ಟ. ಆ ದೃಶ್ಯ ಕ್ಯಾಮೆರಾದಲ್ಲಿ ಸೆರೆಯಾಗಿತ್ತು, ಮನೆಯವರು ಹೊರಗೆ ಬಿಡಲಿಲ್ಲ. ಇದನ್ನೂ ಮಗನಿಗೆ ಹೇಳಿ. ಫೋನಿನಲ್ಲಿ ‘ಇದೇ ಆ ವಿಡಿಯೋ’ ಅಂತ ಬರುವುದೆಲ್ಲ ಸುಳ್ಳು, ಹುಡುಕಬೇಡ ಅಂತ ಸ್ಪಷ್ಟವಾಗಿ ಹೇಳಿ. ಈ ವಯಸ್ಸಿನ ಹುಡುಗರು ಹುಡುಕಿಯೇ ಹುಡುಕುತ್ತಾರೆ.

ಕುಕ್ಕರಹಳ್ಳಿಯ ಆ ಖಾಕಿ ಶರ್ಟಿನ ಹುಡುಗನೂ ಕೇಳಿದ್ದ. ‘ಮಿಸ್, ಆ ಮೀನನ್ನ ಹಿಡಿದು ಸಾಯಿಸಿದ್ರಾ?’ ಇಲ್ಲಪ್ಪ, ಅದು ಈಜಿಕೊಂಡು ಹೋಯಿತು ಅಂದೆ. ಏರಿ ಮುಗಿಯೋವರೆಗೂ ಏನೂ ಮಾತಾಡಲಿಲ್ಲ. ಆಮೇಲೆ, ‘ಅದಕ್ಕೂ ಭಯ ಆಗಿರುತ್ತೆ ಅಲ್ವಾ’ ಅಂದ. ನಾನು ಹೇಳಿಕೊಟ್ಟಿದ್ದಲ್ಲ. ಅವನು ವರ್ಷಗಟ್ಟಲೆ ಆ ಕಾರ್ಯಕ್ರಮ ನೋಡಿದ್ದ. ಕಚ್ಚಲು ಬಂದ ಹಾವಿನ ಮೇಲೂ ಸಿಟ್ಟು ಮಾಡದೆ, ‘ಪಾಪ, ಹೆದರಿದೆ’ ಅನ್ನುವ ಮನುಷ್ಯನನ್ನು ನೋಡಿದ್ದ. ನಿಮ್ಮ ಮಗನೂ ಅದನ್ನೇ ನೋಡಿದ್ದಾನೆ. ನೆನಪಿಸಿದರೆ ಸಾಕು. ಇನ್ನೊಂದು ಹಾಳೆ ಕೊಡಿ, ಆ ಮೀನನ್ನು ಮತ್ತೆ ಬರೆಯಲು ಹೇಳಿ. ಈ ಸಲ ಕಣ್ಣು ಸರಿಯಾಗಿ ಬರೆಯಲಿ. ಅದರ ಕಣ್ಣು ತಲೆ ಮೇಲಿರುತ್ತದೆ, ಬಾಯಿ ಕೆಳಗಡೆ. ತಳದಲ್ಲಿ ಮಲಗಿ ಮೇಲೆ ನೋಡಿದರೆ ಅದಕ್ಕೆ ಏನು ಕಂಡಿರಬಹುದು ಅಂತ ಅವನೇ ಯೋಚಿಸಲಿ. ಗೀಚಿದ ಹಾಳೆಯನ್ನು ಹರಿದು ಬಿಸಾಡಬೇಡಿ, ಅದೂ ಅವನದ್ದೇ.

ನಮ್ಮ ಅರ್ಜುನನ ಕಥೆಯನ್ನೂ ಹೇಳಿ. ದಸರಾದಲ್ಲಿ 2012ರಿಂದ 2019ರವರೆಗೆ ಎಂಟು ಸಲ 750 ಕಿಲೋ ಅಂಬಾರಿ ಹೊತ್ತ ಆನೆ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರಿನಲ್ಲಿ ಕಾಡಾನೆ ಹಿಡಿಯುವ ಕೆಲಸಕ್ಕೆ ಹೋಗಿ ಕಾಡಾನೆಯ ಜೊತೆ ಕಾದಾಡಿ ಸತ್ತ. ಮಾವುತ ಅವನ ಸೊಂಡಿಲು ತಬ್ಬಿ ಅತ್ತದ್ದನ್ನು ನೋಡಿ ಮೈಸೂರಿನಲ್ಲಿ ಅಳದವರು ಕಡಿಮೆ. ಅವನನ್ನು ಮಣ್ಣು ಮಾಡುವ ಜಾಗದ ಬಗ್ಗೆ ಜನ ಜಗಳ ಆಡಿದರು, ಅಷ್ಟು ಪ್ರೀತಿ. ಆಗ ನನ್ನ ಹತ್ತಿರ ಬರುತ್ತಿದ್ದ ಒಂದು ಹುಡುಗಿ ಆ ಕಾಡಾನೆಯನ್ನು ಶೂಟ್ ಮಾಡಬೇಕು ಅನ್ನುತ್ತಿದ್ದಳು. ಅದೂ ಆನೆಯೇ ಪುಟ್ಟ, ಅದರ ಕಾಡಿಗೆ ನಾವು ಹೋಗಿದ್ದು ಅಂತ ಒಪ್ಪಿಸಲು ನನಗೆ ನಾಲ್ಕು ವಾರ ಹಿಡಿಯಿತು. ನಿಮಗೂ ಸಮಯ ಹಿಡಿಯಬಹುದು, ಅವಸರ ಮಾಡಬೇಡಿ.

ಈಗ ಹಾವಿನ ವಿಷಯ. ಇಲ್ಲಿ ಮಾತ್ರ ನೀವು ಗಟ್ಟಿಯಾಗಿರಬೇಕು. ದುಃಖದಲ್ಲಿದ್ದಾನೆ ಅಂತ ಸಡಿಲ ಬಿಡಬೇಡಿ. ಹೋದವರನ್ನು ಮೈಮೇಲೆ ತಂದುಕೊಳ್ಳುವ ಹಾಗೆ ಅವರ ಥರ ನಡೆಯೋದು, ಅವರ ಥರ ಮಾತಾಡೋದು ಮಕ್ಕಳಲ್ಲಿ ಸಾಮಾನ್ಯ. ಖಾಕಿ ಚಡ್ಡಿ ಹಾಕಲಿ, ಕ್ರೈಕಿ ಅಂತ ಕೂಗಲಿ, ತೊಂದರೆ ಇಲ್ಲ. ಹಾವು ಮುಟ್ಟುವ ಹಾಗಿಲ್ಲ.

ಯಾಕೆ ಅಂತ ಅವನಿಗೆ ಹೀಗೆ ಹೇಳಿ. ಮೊಸಳೆ ಮಾಮನಿಗೆ ಆರನೇ ವರ್ಷದ ಹುಟ್ಟುಹಬ್ಬಕ್ಕೆ ಹೆಬ್ಬಾವು ಉಡುಗೊರೆ ಬಂದಿತ್ತು. ಒಂಬತ್ತನೇ ವಯಸ್ಸಿನಲ್ಲಿ ಮೊಸಳೆ ಹಿಡಿಯುವಾಗ ಅಪ್ಪ ಜೊತೆಯಲ್ಲೇ ಇದ್ದರು. ಟಿವಿಗೆ ಬರುವ ಮೊದಲು ವರ್ಷಗಟ್ಟಲೆ ಕ್ವೀನ್ಸ್‌ಲ್ಯಾಂಡಿನ ಹೊಳೆಗಳಲ್ಲಿ ಮೊಸಳೆ ಹಿಡಿದು ಬೇರೆ ಕಡೆ ಸಾಗಿಸುವ ಕೆಲಸ ಮಾಡಿದ್ದರು. ಮದುವೆಯಾದ ಹೊಸದರಲ್ಲಿ, 1992ರಲ್ಲಿ, ಹೆಂಡತಿ ಟೆರ್ರಿ ಜೊತೆ ಮೊಸಳೆ ಹಿಡಿಯಲು ಹೋದಾಗ ತೆಗೆದ ಚಿತ್ರವೇ ‘ಕ್ರೊಕೊಡೈಲ್ ಹಂಟರ್’ ಸರಣಿಯ ಮೊದಲ ಕಂತು. ಫೋನಿನಲ್ಲಿ ಕಾಣುವುದು ಅರ್ಧ ಗಂಟೆ. ಅದರ ಹಿಂದಿನ ಮೂವತ್ತು ವರ್ಷ ಕಾಣುವುದಿಲ್ಲ. ಅಷ್ಟಿದ್ದೂ ಅವರೂ ತಪ್ಪು ಮಾಡಿದ್ದಾರೆ. 2004ರ ಜನವರಿಯಲ್ಲಿ ಒಂದು ತಿಂಗಳ ಮಗುವನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಮೊಸಳೆಗೆ ಮಾಂಸ ತಿನ್ನಿಸಿದರು. ಬಹಳ ಜನ ಬೈದರು. ನನಗೂ ಅದು ಸರಿ ಕಾಣಲಿಲ್ಲ, ಇವತ್ತಿಗೂ ಕಾಣುವುದಿಲ್ಲ. ಪ್ರೀತಿಸುವವರ ತಪ್ಪನ್ನು ತಪ್ಪು ಅಂತ ಹೇಳಬಹುದು ಅಂತ ಮಗನಿಗೆ ಗೊತ್ತಾಗಲಿ.

ನಿಮ್ಮ ಕಬ್ಬಿನ ಗದ್ದೆ, ಭತ್ತದ ಗದ್ದೆ, ರಾಗಿ ಮೆದೆ, ಎಲ್ಲ ಕಡೆ ಇಲಿ ಇದೆ, ಇಲಿ ಹಿಂದೆ ಹಾವು ಇದೆ. ಕೇರೆ ಅಂದುಕೊಂಡು ಬಾಲ ಹಿಡಿದರೆ ನಾಗರ ಆಗಿರಬಹುದು. ಒಣಗಿದ ರವದಿಯಲ್ಲಿ ಕೊಳಕುಮಂಡಲ ಮಲಗಿದ್ದರೆ ದೊಡ್ಡವರ ಕಣ್ಣಿಗೇ ಕಾಣುವುದಿಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ನಮ್ಮ ದೇಶದಲ್ಲಿ ಜಾಸ್ತಿ ಜೀವ ತೆಗೆಯುವುದು ಈ ನಾಲ್ಕು. ಭಾರತದಲ್ಲಿ ವರ್ಷಕ್ಕೆ ಸುಮಾರು 58,000 ಜನ ಹಾವು ಕಚ್ಚಿ ಸಾಯುತ್ತಾರೆ ಅಂತ ಅಂದಾಜು. ಇದರಲ್ಲಿ ಹೊಲ ಗದ್ದೆಯವರೇ ಹೆಚ್ಚು. ಅಕಸ್ಮಾತ್ ಯಾರಿಗಾದರೂ ಕಚ್ಚಿದರೆ ಕೊಯ್ಯೋದು, ಬಿಗಿಯಾಗಿ ಕಟ್ಟೋದು, ನಾಟಿ ಔಷಧಿ ಹುಡುಕೋದು ಏನೂ ಬೇಡ. ಕಚ್ಚಿದ ಕೈ ಕಾಲು ಅಲುಗಾಡಿಸದೆ ನೇರ ಸರ್ಕಾರಿ ಆಸ್ಪತ್ರೆಗೆ. ಆ ನಾಲ್ಕೂ ಹಾವಿನ ವಿಷಕ್ಕೆ ಅಲ್ಲಿ ಒಂದೇ ಇಂಜೆಕ್ಷನ್ ಕೊಡುತ್ತಾರೆ. ಇನ್ನು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಹಾವು ಹಿಡಿಯುವುದೂ ಸಾಯಿಸುವುದೂ ಅಪರಾಧ. ಕೇರೆಹಾವಿಗೂ ಆ ರಕ್ಷಣೆ ಇದೆ. ಮನೆಯೊಳಗೆ ಹಾವು ಬಂದರೆ ಅರಣ್ಯ ಇಲಾಖೆಯವರಿಗೋ ಪಳಗಿದ ಹಾವು ರಕ್ಷಕರಿಗೋ ಫೋನ್ ಮಾಡಬೇಕು. ಮೈಸೂರಿನಲ್ಲಿ ಸ್ನೇಕ್ ಶ್ಯಾಮ್ ಅವರಿಗೆ ಫೋನ್ ಮಾಡುವುದು ಒಂದು ತಲೆಮಾರಿಗೇ ರೂಢಿ ಆಗಿಹೋಗಿದೆ. ಮೊದಲು ದೊಣ್ಣೆ ಹುಡುಕುತ್ತಿದ್ದವರು ಈಗ ಫೋನ್ ಹುಡುಕುತ್ತಾರೆ.

ಮಗನಿಗೆ ಒಂದು ಕೆಲಸ ಕೊಡಿ. ಹತ್ತು ಹೆಜ್ಜೆ ದೂರದಿಂದ, ದೊಡ್ಡವರು ಜೊತೆಯಲ್ಲಿದ್ದಾಗ, ನೋಡಿದ ಪ್ರತಿ ಹಾವು, ಉಡ, ಓತಿಕ್ಯಾತ, ಆಮೆಯನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲಿ. ಎಲ್ಲಿ, ಯಾವಾಗ, ಏನು ಮಾಡುತ್ತಿತ್ತು. ಮೊಸಳೆ ಮಾಮ ಮತ್ತು ಅವರ ಅಪ್ಪನಿಗೆ ಒಮ್ಮೆ ಯಾರಿಗೂ ಗೊತ್ತಿಲ್ಲದ ಒಂದು ಜಾತಿಯ ಆಮೆ ಸಿಕ್ಕಿತ್ತು. ಅದಕ್ಕೆ ‘ಎಲ್ಸೆಯಾ ಇರ್ವಿನಿ’ ಅಂತ ಅವರ ಹೆಸರೇ ಇದೆ. ಇದನ್ನು ಕೇಳಿದರೆ ಹುಡುಗನ ಕಣ್ಣು ಅರಳುತ್ತದೆ, ನೋಡಿ.

ಸತ್ತ ಮೇಲೆ ಏನಾಯಿತು ಅನ್ನುವುದನ್ನೂ ಹೇಳಬೇಕು. ಮಕ್ಕಳಿಗೆ ಕಥೆ ಸಾವಿನ ಹತ್ತಿರ ನಿಂತುಬಿಟ್ಟರೆ ಅಲ್ಲೇ ಸುತ್ತುತ್ತಿರುತ್ತಾರೆ. ಆ ಜೂ ಇವತ್ತಿಗೂ ನಡೆಯುತ್ತಿದೆ. ಟೆರ್ರಿ, ಬಿಂಡಿ, ಅಂದು ಮೊಸಳೆ ಮುಂದೆ ಅಪ್ಪನ ಕೈಯಲ್ಲಿದ್ದ ಕೂಸು ರಾಬರ್ಟ್, ಮೂವರೂ ಅಲ್ಲೇ ಕೆಲಸ ಮಾಡುತ್ತಾರೆ. ಅಪ್ಪ ನಿಲ್ಲುತ್ತಿದ್ದ ಜಾಗದಲ್ಲಿ ನಿಂತು ರಾಬರ್ಟ್ ಮೊಸಳೆಗೆ ಊಟ ಕೊಡುತ್ತಾನೆ. ಬಿಂಡಿಗೆ 2021ರಲ್ಲಿ ಮಗಳು ಹುಟ್ಟಿದಳು. ಕ್ವೀನ್ಸ್‌ಲ್ಯಾಂಡಿನ ಕೇಪ್ ಯಾರ್ಕ್‌ನಲ್ಲಿ 1,35,000 ಹೆಕ್ಟೇರ್ ಜಾಗಕ್ಕೆ ಸ್ಟೀವ್ ಹೆಸರಿಟ್ಟು ಕಾಡಾಗಿ ಉಳಿಸಿದ್ದಾರೆ. ಎಷ್ಟು ದೊಡ್ಡದು ಅಂದರೆ ನಮ್ಮ ನಾಗರಹೊಳೆ ರಾಷ್ಟ್ರೀಯ ಉದ್ಯಾನದ ಎರಡರಷ್ಟು.

ಸೆಪ್ಟೆಂಬರ್ 20ರ ಆ ಸಭೆಯಲ್ಲಿ ತಂದೆ ಬಾಬ್ ಆಡಿದ ಮಾತು ನನಗೆ ಮರೆಯಲಾಗುವುದಿಲ್ಲ. ಸ್ಟೀವ್‌ಗಾಗಿ ದುಃಖಪಡಬೇಡಿ, ಅವನು ನೆಮ್ಮದಿಯಾಗಿದ್ದಾನೆ. ಪ್ರಾಣಿಗಳಿಗಾಗಿ ದುಃಖಪಡಿ, ಅವು ತಮ್ಮ ಒಳ್ಳೇ ಗೆಳೆಯನನ್ನು ಕಳೆದುಕೊಂಡಿವೆ, ನಾನೂ ಕಳೆದುಕೊಂಡಿದ್ದೇನೆ ಅಂದರು. ಮಗನನ್ನು ಮಣ್ಣು ಮಾಡಿ ಇನ್ನೂ ಎರಡು ವಾರ ಆಗಿರಲಿಲ್ಲ. ನಾನು ಎಷ್ಟೋ ತಂದೆಯರ ಎದುರು ಕೂತಿದ್ದೇನೆ. ಅಂಥ ಹೊತ್ತಿನಲ್ಲಿ ಬೇರೆ ಜೀವಗಳನ್ನು ನೆನೆಯುವ ಶಕ್ತಿ ಎಲ್ಲಿಂದ ಬಂತೋ ಅಂತ ಈಗಲೂ ಅನ್ನಿಸುತ್ತದೆ.

ಎಚ್ಚರದ ಮಾತು ಒಂದಿದೆ. ಇಷ್ಟೆಲ್ಲ ಆದ ಮೇಲೂ ಇನ್ನು ಎರಡು ಮೂರು ವಾರ ಹುಡುಗ ಸರಿಯಾಗಿ ತಿನ್ನದೆ, ನಿದ್ದೆ ಮಾಡದೆ, ಆಟಕ್ಕೂ ಹೋಗದೆ ಇದ್ದರೆ, ಅಥವಾ ‘ನಾನೂ ಅವರ ಹತ್ತಿರ ಹೋಗ್ತೀನಿ’ ಅನ್ನುವ ಮಾತು ಒಂದೇ ಒಂದು ಸಲ ಬಂದರೂ, ಕಾಯಬೇಡಿ. ಮಕ್ಕಳ ಮಾನಸಿಕ ತಜ್ಞರಿಗೆ ತೋರಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಇನ್ನೊಂದು ಸಂಗತಿಯನ್ನೂ ಗಮನಿಸಿ. ನಿಮ್ಮ ಮಾವನವರು ಹೋಗಿ ಎಷ್ಟು ಕಾಲ ಆಯಿತು ಅಂತ ನೀವು ಬರೆದಿಲ್ಲ. ಹತ್ತಿರದಲ್ಲಿ ಹೋಗಿದ್ದರೆ, ಆಗ ಮೊಮ್ಮಗ ಅತ್ತನಾ? ಅತ್ತಿರದಿದ್ದರೆ ಈಗಿನ ಅಳುವಿನಲ್ಲಿ ತಾತನ ಪಾಲೂ ಇರಬಹುದು. ಫೋಟೋ ಅಂಟಿಸಲು ಅವನು ಹುಡುಕಿದ್ದು ತಾತನ ಪಕ್ಕದ ಜಾಗವನ್ನೇ ಅಲ್ವಾ.

ಒಂದು ದಿನ ಬಿಡುವು ಮಾಡಿಕೊಂಡು ಅವನನ್ನು ರಂಗನತಿಟ್ಟಿಗೆ ಕರೆದುಕೊಂಡು ಬನ್ನಿ. ನಿಮ್ಮ ಜಿಲ್ಲೆಯದ್ದೇ, ಶ್ರೀರಂಗಪಟ್ಟಣದ ಹತ್ತಿರ. ಪಕ್ಷಿತಜ್ಞ ಸಲೀಂ ಅಲಿ ಅವರ ಮಾತಿನ ಮೇಲೆ 1940ರಲ್ಲಿ ಪಕ್ಷಿಧಾಮ ಆಯಿತು. ಜನ ಹಕ್ಕಿ ನೋಡಲು ಬರುತ್ತಾರೆ. ನಿಮ್ಮ ಮಗ ಮೊಸಳೆ ನೋಡಲಿ. ಕಾವೇರಿಯ ಬಂಡೆಗಳ ಮೇಲೆ ಬಂಡೆಯ ಬಣ್ಣದಲ್ಲೇ ಮಲಗಿರುತ್ತವೆ. ದೋಣಿ ಹತ್ತಿರ ಹೋದಾಗ ಮೊದಲು ಕಲ್ಲು ಅನ್ನಿಸುತ್ತದೆ, ಆಮೇಲೆ ಕಲ್ಲಿಗೆ ಕಣ್ಣು ಮೂಡುತ್ತದೆ. ಹಳದಿ ಬಾಯಿ ಅಗಲವಾಗಿ ತೆರೆದುಕೊಂಡು ಅಲ್ಲಾಡದೆ ಇರುತ್ತದೆ. ಅದು ಸಿಟ್ಟಲ್ಲ, ಮೈ ಬಿಸಿ ಹೆಚ್ಚಾದಾಗ ಹೀಗೆ ತಂಪು ಮಾಡಿಕೊಳ್ಳುತ್ತದೆ. ದೋಣಿಯಲ್ಲಿ ಎಲ್ಲರೂ ಚೀರುತ್ತಾರೆ. ನಾನು ಕರೆದುಕೊಂಡು ಹೋದ ಮಕ್ಕಳಲ್ಲಿ ಆ ಕಾರ್ಯಕ್ರಮ ನೋಡಿದವರು ಯಾರು ಅಂತ ನನಗೆ ಅಲ್ಲೇ ಗೊತ್ತಾಗುತ್ತಿತ್ತು. ಅವರು ಚೀರುತ್ತಿರಲಿಲ್ಲ. ಮುಂದಕ್ಕೆ ಬಾಗಿ, ದನಿ ಇಳಿಸಿ, ಪಿಸುಗುಟ್ಟುತ್ತಿದ್ದರು.

ಅಜ್ಜಿಯನ್ನೂ ಜೊತೆಗೆ ಕರೆದುಕೊಂಡು ಬನ್ನಿ. ಬೆಳಿಗ್ಗೆ ಬೇಗ ಬಂದರೆ ಬಿಸಿಲು ಏರುವ ಮೊದಲೇ ದೋಣಿ ಸಿಗುತ್ತದೆ.